ಇಂಗ್ಲಿಷ್ ಮಾತು ಕಲಿಸಲು ಮೂರು ಪುಸ್ತಕ: ನಮ್ಮೂರು ಇರುವುದೇ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ ‘ಫಸ್ಟ್ ಫ್ಲೈಟ್’ ಪುಸ್ತಕಕ್ಕೆ. ಕೊಡಗಿನ ಕುಶಾಲನಗರದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಹೋಂಸ್ಟೇ ನೋಡಿಕೊಳ್ಳುವವರು, ಬಟ್ಟೆ ಅಂಗಡಿಯ ಹುಡುಗಿಯರು, ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್‌ಗಳು, ಬಾಡಿಗೆ ಜೀಪು ಓಡಿಸುವವರು ಬರುತ್ತಾರೆ. ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ದಾಟಿದವರೇ ಜಾಸ್ತಿ. ಇಂಗ್ಲಿಷ್ ಓದುತ್ತಾರೆ, ಮಾತಾಡಿ ಅಂದರೆ ತಲೆ ತಗ್ಗಿಸುತ್ತಾರೆ. ಇವರ ಕೈಗೆ ಮೂರು ಥರದ ಪುಸ್ತಕ ಕೊಟ್ಟು ನೋಡಿದ್ದೇನೆ: ಇಂಗ್ಲೆಂಡಿನ ಪ್ರಕಾಶಕರ ಒಂದು ಕೋರ್ಸ್ ಪುಸ್ತಕ, ಬಸ್‌ಸ್ಟ್ಯಾಂಡಿನಲ್ಲೂ ಸಿಗುವಂಥ ಕನ್ನಡದಿಂದ ಇಂಗ್ಲಿಷ್ ಕಲಿಸುವ ಗೈಡು, ಮತ್ತು ಈ ಫಸ್ಟ್ ಫ್ಲೈಟ್.

ಇಂಗ್ಲೆಂಡಿನ ಪುಸ್ತಕ ಒಂದಕ್ಕೆ ಸಾವಿರದ ಹತ್ತಿರ ಬಿತ್ತು. ಗ್ರಾಮರ್ ಪಾಠಗಳು ಅಚ್ಚುಕಟ್ಟು, ಆಡಿಯೋ ಬಹಳ ಚೆನ್ನಾಗಿದೆ. ತೊಂದರೆ ಶುರುವಾಗಿದ್ದು ರಜೆಯ ಪಾಠದಲ್ಲಿ.

ಕಳೆದ ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ, ಯಾವ ಹೋಟೆಲಿನಲ್ಲಿ ಉಳಿದಿದ್ದಿರಿ, ಪಕ್ಕದವರಿಗೆ ಹೇಳಿ ಅಂತ ಅಲ್ಲಿ ಒಂದು ಅಭ್ಯಾಸ. ಕ್ಲಾಸು ಗಪ್‌ಚುಪ್. ಜೀಪು ಓಡಿಸುವವರಿಗೆ ಬೇರೆಯವರ ರಜೆ ಅಂದರೆ ಕೈತುಂಬ ಕೆಲಸ. ಹೋಂಸ್ಟೇಯವರು ಆ ದಿನಗಳಲ್ಲಿ ಹಾಸಿಗೆಯ ಬೆಡ್‌ಶೀಟ್ ಬದಲಾಯಿಸುತ್ತಿರುತ್ತಾರೆ. ಒಬ್ಬ ಹುಡುಗಿ ಎದ್ದು ನಿಂತು ಪುಸ್ತಕದಲ್ಲಿದ್ದ ಮಾದರಿ ಉತ್ತರವನ್ನೇ ಒಪ್ಪಿಸಿದಳು: ನಾನು ಸ್ಪೇನಿಗೆ ಹೋಗಿದ್ದೆ, ಸಮುದ್ರದಲ್ಲಿ ಈಜಿದೆ. ಭೂತಕಾಲದ ಕ್ರಿಯಾಪದ ಎರಡೂ ಸರಿ. ಆದರೆ ಅದು ಅವಳ ಮಾತಲ್ಲ. ಆಮೇಲೆ ಅವಳನ್ನೇ ಕೇಳಿದೆ, ನಿಮ್ಮ ಮನೆಯಲ್ಲಿ ಸುಗ್ಗಿ ಹಬ್ಬ ಹುತ್ತರಿ ಹೇಗಾಯ್ತು ಅಂತ. ಗದ್ದೆಗೆ ಹೋಗಿದ್ದು, ಕೋವಿ ಹಾರಿಸಿದ್ದು, ಕದಿರು ಕೊಯ್ದು ತಂದಿದ್ದು, ರಾತ್ರಿ ಪಾಯಸ ಉಂಡಿದ್ದು, ಎಲ್ಲ ಹೇಳಿದಳು. ತಡವರಿಸಿದಳು, ತಪ್ಪು ಮಾಡಿದಳು, ಆದರೆ ನಿಲ್ಲಿಸಲಿಲ್ಲ. ಅವಳಿಗೆ ಭಾಷೆ ಇತ್ತು. ಪುಸ್ತಕ ಕೇಳಿದ್ದು ಅವಳ ಹತ್ತಿರ ಇಲ್ಲದ ಅನುಭವ.

ಇದಕ್ಕೆ ಒಂದು ಕಾರಣವೂ ಇದೆ. ಒಂದೇ ಪುಸ್ತಕವನ್ನು ಎಲ್ಲ ದೇಶಕ್ಕೂ ಮಾರಬೇಕಾದಾಗ ಯಾರಿಗೂ ಇರುಸುಮುರುಸು ಆಗಬಾರದು. ಹಾಗಾಗಿ ರಾಜಕೀಯ, ಮದ್ಯ, ಧರ್ಮ, ಲೈಂಗಿಕತೆ, ಮಾದಕ ವಸ್ತು, ಸಿದ್ಧಾಂತಗಳ ಜಗಳ, ಹಂದಿಮಾಂಸ, ಈ ಏಳನ್ನು ಆದಷ್ಟು ಮುಟ್ಟಬೇಡಿ ಎನ್ನುವ ರೂಢಿ ಆ ಉದ್ಯಮದಲ್ಲಿ ಬೆಳೆದಿದೆ. ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿ ಅದನ್ನು ಪಾರ್ಸ್ನಿಪ್ ಅನ್ನುತ್ತಾರೆ. ಇಷ್ಟೆಲ್ಲ ತೆಗೆದ ಮೇಲೆ ಉಳಿಯುವುದು ರಜೆ, ಶಾಪಿಂಗ್, ಹವಾಮಾನ. ಕೊಡಗಿನಲ್ಲಿ ಕೂತು ಇಷ್ಟದ ಊಟದ ಬಗ್ಗೆ ಮಾತಾಡಿ ಅಂತ ಹೇಳಿ, ಹಂದಿಮಾಂಸದ ಸುದ್ದಿಯೇ ಇಲ್ಲದ ಪಾಠ ಕೊಟ್ಟರೆ ಹೇಗೆ? ಪಂದಿಕರಿ (ಹಂದಿಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಅಂದ ಕೂಡಲೇ ಅಡುಗೆಯ ಕ್ರಮ ವಿವರಿಸಲು ನಾಲ್ಕು ಕೈ ಮೇಲೇಳುತ್ತವೆ.

ಕನ್ನಡದ ಗೈಡು ಅಗ್ಗ. ಪದಪಟ್ಟಿ ಉಪಯೋಗಕ್ಕೆ ಬರುತ್ತದೆ, ಪಕ್ಕದಲ್ಲೇ ಕನ್ನಡ ಅರ್ಥ ಇರುವುದರಿಂದ ಧೈರ್ಯವೂ ಬರುತ್ತದೆ. ನಾನು ಅದನ್ನು ಬದಿಗಿಟ್ಟಿದ್ದು ಒಂದೇ ಕಾರಣಕ್ಕೆ. ಅದರಲ್ಲಿ ಮನೆಗೆಲಸದವರ ಜೊತೆ ಮಾತಾಡುವ ಒಂದು ಅಧ್ಯಾಯವಿದೆ, ಪೂರ್ತಿ ಅಪ್ಪಣೆಗಳೇ. ನೀರು ತಾ, ನೆಲ ಒರೆಸು, ಬೇಗ ಬಾ. ನನ್ನ ಕ್ಲಾಸಿನಲ್ಲಿ ಈ ಮಾತು ಕೇಳಿಸಿಕೊಳ್ಳುವ ಕಡೆ ಇರುವವರೇ ಕೂತಿರುತ್ತಾರೆ. ಅವರಿಗೆ ಬೇಕಾಗಿರುವುದು ಗೆಸ್ಟ್‌ಗೆ ‘ಈಗ ಆಗುವುದಿಲ್ಲ’ ಅಂತ ಮರ್ಯಾದೆಯಿಂದ ಹೇಳುವ ಇಂಗ್ಲಿಷ್. ಅದು ಆ ಗೈಡಿನಲ್ಲಿ ಎಲ್ಲೂ ಇಲ್ಲ.

ಇನ್ನು ಫಸ್ಟ್ ಫ್ಲೈಟ್. ಅದರಲ್ಲಿ ‘ಗ್ಲಿಂಪ್ಸಸ್ ಆಫ್ ಇಂಡಿಯಾ’ ಅಂತ ಒಂದು ಪಾಠವಿದೆ. ಮೂರು ತುಣುಕು: ಗೋವಾದ ಬ್ರೆಡ್ಡು ಮಾರುವವನು, ಕೂರ್ಗ್ ಅಂದರೆ ನಮ್ಮ ಕೊಡಗು, ಅಸ್ಸಾಮಿನ ಚಹಾ. ಕೂರ್ಗ್ ತುಣುಕು ಓದಿದ ದಿನ ಕ್ಲಾಸು ಎಂಟು ಗಂಟೆಗೆ ಮುಗಿಯಲಿಲ್ಲ.

ಆ ಬರಹ ದೋಷವಿಲ್ಲದ್ದು ಅಂತಲ್ಲ. ಹೊರಗಿನಿಂದ ಬಂದವರ ಕಣ್ಣಲ್ಲಿ ನೋಡಿದ ಕೊಡಗು ಅದು. ಕೊಡವರು ಗ್ರೀಕ್ ಅಥವಾ ಅರಬ್ ಮೂಲದವರಿರಬಹುದು, ಅಲೆಕ್ಸಾಂಡರನ ಸೈನ್ಯದ ಒಂದು ಭಾಗ ಇಲ್ಲೇ ಉಳಿಯಿತು ಎನ್ನುವ ಕಥೆ ಇದೆ. ಕಾಫಿ ತೋಟ ಇದೆ, ತೋಟದಲ್ಲಿ ದುಡಿಯುವವರು ಇಲ್ಲ. ಕರ್ನಾಟಕದ ಅತಿ ಚಿಕ್ಕ ಜಿಲ್ಲೆ ಅಂತಲೂ ಬರೆದಿದೆ. ಜನಸಂಖ್ಯೆಯಲ್ಲಿ ಅದು ನಿಜ, 2011ರ ಜನಗಣತಿಯಲ್ಲಿ ಸುಮಾರು 5.54 ಲಕ್ಷ. ವಿಸ್ತೀರ್ಣದಲ್ಲಿ ಬೆಂಗಳೂರು ನಗರ ಜಿಲ್ಲೆ ಇನ್ನೂ ಚಿಕ್ಕದು. ಕೊಡಗು 4,102 ಚದರ ಕಿಲೋಮೀಟರ್, ಬೆಂಗಳೂರು ನಗರ ಜಿಲ್ಲೆ ಅದರ ಅರ್ಧದಷ್ಟು.

ಇದೆಲ್ಲ ನನಗೆ ಲಾಭವೇ ಆಯಿತು. ‘ಮೇಡಂ, ಇದು ತಪ್ಪು’ ಅನ್ನೋಕೆ ಎಲ್ಲರಿಗೂ ಬಾಯಿ ಬಂತು, ಅದೂ ಇಂಗ್ಲಿಷಿನಲ್ಲಿ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಅನುಮತಿ ಕೊಡವರಿಗೆ ಮಾತ್ರ ಅಂತ ಪಾಠ ಹೇಳುತ್ತದೆ. ಕೊಡವರಲ್ಲದ, ಅರೆಭಾಷೆ ಮಾತಾಡುವ ರೈಟರ್ ಒಬ್ಬರು ಎದ್ದು, ಜಮ್ಮಾ ಜಮೀನು (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಹಳೇ ಹಿಡುವಳಿ) ಇರುವವರಿಗೂ ಆ ವಿನಾಯಿತಿ ಇದೆ, ನಮ್ಮ ಮನೆಯಲ್ಲೂ ಕೋವಿ ಇದೆ ಅಂದರು. ಅದುವರೆಗೆ ಹಾಜರಿ ಕೂಗಿದಾಗ ‘ಎಸ್’ ಅಂದಿದ್ದು ಬಿಟ್ಟರೆ ಅವರ ದನಿಯನ್ನೇ ನಾನು ಕೇಳಿರಲಿಲ್ಲ. ಪುಸ್ತಕಕ್ಕಿಂತ ತನಗೆ ಜಾಸ್ತಿ ಗೊತ್ತು ಅಂತ ಆದಾಗ ಮನುಷ್ಯ ಮಾತಾಡುತ್ತಾನೆ, ಗ್ರಾಮರ್ ಆಮೇಲೆ ಸರಿಮಾಡಬಹುದು. ಸ್ಪೇನಿನ ಪಾಠದಲ್ಲಿ ಈ ಅವಕಾಶ ನಮ್ಮವರಿಗೆ ಬರುವುದೇ ಇಲ್ಲ, ಅಲ್ವಾ?

ಅಸ್ಸಾಮಿನ ತುಣುಕಿನಲ್ಲಿ ಬೆನ್ನಿಗೆ ಬಿದಿರಿನ ಬುಟ್ಟಿ ಕಟ್ಟಿ ಎಲೆ ಕೀಳುವವರಿದ್ದಾರೆ. ಅದನ್ನು ಹಿಡಿದು ನಮ್ಮಲ್ಲಿ ಕಾಫಿ ಕೊಯ್ಲು ಹೇಗೆ ಅಂತ ಕೇಳಿದೆ. ಹಣ್ಣು ಕೀಳುವುದು, ಗೋಣಿ ತುಂಬುವುದು, ಸಂಜೆ ತೂಕ, ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಯ ಲೆಕ್ಕ, ಎಲ್ಲ ಬಂತು. ಕೂರ್ಗ್ ಪಾಠದಲ್ಲಿ ಇಲ್ಲದ ಕೆಲಸಗಾರರು ಹೀಗೆ ಕ್ಲಾಸಿನೊಳಗೆ ಬಂದರು.

ಫಸ್ಟ್ ಫ್ಲೈಟಿನ ಕೊರತೆಯೂ ಇದೆ. ಮಾತಾಡಿಸುವ ಅಭ್ಯಾಸ ಕಡಿಮೆ, ಕೆಲವು ಪಾಠ ನಮ್ಮವರಿಗೆ ಕಷ್ಟ. ಪ್ರಶ್ನೆಗಳನ್ನು ನಾವೇ ಬರೆದುಕೊಳ್ಳಬೇಕು. ನನಗೆ ರಾತ್ರಿ ಕೂತು ಬರೆಯುವ ಅಭ್ಯಾಸ ಇದೆ, ಹಾಗಾಗಿ ಭಾರ ಅನಿಸುವುದಿಲ್ಲ. ಸಮಯ ಇಲ್ಲದ ಮೇಷ್ಟ್ರಿಗೆ ಇದು ತೊಡಕೇ.

ದುಡ್ಡಿನ ವಿಷಯಕ್ಕೆ ಬಂದರೆ, ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಪಿಡಿಎಫ್ ಬಿಟ್ಟಿ ಸಿಗುತ್ತದೆ. ಮುಂದಿನ ಬ್ಯಾಚಿಗೆ ಅದೇ ಮುಖ್ಯ ಪುಸ್ತಕ. ಇಂಗ್ಲೆಂಡಿನ ಪುಸ್ತಕದ ಆಡಿಯೋ ಮಾತ್ರ ಕಿವಿ ಪಳಗಿಸಲು ಇಟ್ಟುಕೊಳ್ಳುತ್ತೇನೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದು ಹೊರದೇಶಕ್ಕೆ ಹೋಗುವವರು ನಿಮ್ಮ ಕ್ಲಾಸಿನಲ್ಲಿದ್ದರೆ ಆ ಪುಸ್ತಕವನ್ನೇ ಕೊಳ್ಳಿ, ಅಲ್ಲಿನ ಬಾಡಿಗೆ ಮನೆ, ಏರ್‌ಪೋರ್ಟ್ ಪಾಠಗಳು ಅವರ ಉಪಯೋಗಕ್ಕೆ ಬರುತ್ತವೆ.