ಮಿಗ್-15 ಬಾಲ್ಸಾ ಕಿಟ್: ಮರ ಮೇಲು, ಗಾಳಿಯ ದಾರಿ ಅರೆಬರೆ

ಡಕ್ಟೆಡ್ ಫ್ಯಾನ್ ಜೆಟ್ (ಕೊಳವೆಯೊಳಗೆ ತಿರುಗುವ ವಿದ್ಯುತ್ ಫ್ಯಾನಿನ ಬಲದಿಂದ ಹಾರುವ ಮಾದರಿ ಜೆಟ್) ಎಂದರೆ ಈಗ ಹೆಚ್ಚಿನವರಿಗೆ ನೆನಪಾಗುವುದು ಅಚ್ಚಿನಲ್ಲಿ ಎರಕವಾಗಿ ಬರುವ ಫೋಮ್ ವಿಮಾನ. ಡಬ್ಬಿ ಬಿಚ್ಚಿ, ರೆಕ್ಕೆ ಸಿಕ್ಕಿಸಿ, ಅಂದೇ ಸಂಜೆ ಹಾರಿಸಬಹುದಾದ ಅಂಥ ವಿಮಾನಗಳಿರುವಾಗ, ಲೇಸರ್‌ನಲ್ಲಿ ಕತ್ತರಿಸಿದ, ಬಾಲ್ಸಾ ಎಂಬ ಹಗುರ ಮರದ ಹಲಗೆಗಳ ಕಟ್ಟೊಂದನ್ನು ಕೊಂಡು ವಾರಗಟ್ಟಲೆ ಅಂಟು ಹಚ್ಚುತ್ತ ಕೂರುವುದಕ್ಕೆ ತಕ್ಕ ಕಾರಣ ಬೇಕು. 64 ಮಿ.ಮೀ. ಫ್ಯಾನಿಗಾಗಿ ವಿನ್ಯಾಸಗೊಂಡ, 1/12 ಅಳತೆಯ, ರೆಕ್ಕೆಯ ತುದಿಯಿಂದ ತುದಿಗೆ 84 ಸೆಂ.ಮೀ. ಇರುವ ಈ ಮಿಗ್-15 (ಸೋವಿಯತ್ ಯುದ್ಧವಿಮಾನ) ಕಿಟ್ ಅಂಥ ಕಾರಣವನ್ನು ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅದರ ನಕ್ಷೆಯನ್ನು ಕಣ್ಣುಮುಚ್ಚಿ ಅನುಸರಿಸಿದವರಿಗೆ ಅಲ್ಲ.

ವಿಮಾನದ ಆಯ್ಕೆಯಂತೂ ಸರಿಯಾಗಿದೆ. 1947ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ ಮಿಗ್-15 ಮೂತಿಯಲ್ಲೇ ಗಾಳಿ ಸೇದುವ, ಒಂದೇ ಎಂಜಿನ್ನಿನ, ದುಂಡು ಒಡಲಿನ ಜೆಟ್ ಆದ್ದರಿಂದ ಫ್ಯಾನಿಗೆ ಬೇಕಾದ ಜಾಗ ಅದರ ಹೊಟ್ಟೆಯಲ್ಲಿ ತಾನಾಗಿಯೇ ಇದೆ. ಮೂಲ ವಿಮಾನದಲ್ಲಿ ಗಾಳಿಯ ದಾರಿ ಕಾಕ್‌ಪಿಟ್‌ನ ಎರಡೂ ಬದಿಗೆ ಕವಲೊಡೆದು ಹಿಂದಕ್ಕೆ ಹೋಗುತ್ತದೆ. ಕಿಟ್ಟಿನಲ್ಲಿಯೂ ಅದನ್ನೇ ಅನುಸರಿಸಿ, ನಡುವಿನ ಜಾಗದಲ್ಲಿ ಬ್ಯಾಟರಿಯನ್ನು ಕೂರಿಸಿದ್ದಾರೆ. ಇದು ಜಾಣತನದ ಏರ್ಪಾಡು.

ಮರದ ಗುಣಮಟ್ಟಕ್ಕೆ ಪೂರ್ಣ ಅಂಕ ಕೊಡಬಹುದು. ಬಾಲ್ಸಾದ ಸಾಂದ್ರತೆ ಹಲಗೆಯಿಂದ ಹಲಗೆಗೆ ಬಹಳ ಬದಲಾಗುತ್ತದೆ. ಒಂದು ಮೀಟರ್ ಉದ್ದ, 10 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪದ ಎರಡು ಹಲಗೆಗಳು ಕಣ್ಣಿಗೆ ಒಂದೇ ರೀತಿ ಕಂಡರೂ ತಕ್ಕಡಿಯಲ್ಲಿ ಒಂದು 20 ಗ್ರಾಂ, ಇನ್ನೊಂದು 40 ಗ್ರಾಂ ತೂಗಬಹುದು. ಈ ಕಿಟ್ಟಿನಲ್ಲಿ ಒಡಲಿನ ಉದ್ದಕ್ಕೂ ಓಡುವ ಪಟ್ಟಿಗಳಿಗೆ ಗಟ್ಟಿ ಮರವನ್ನೂ, ಮೇಲ್ಹೊದಿಕೆಗೆ ಹಾಗೂ ಬಾಲದ ಭಾಗಗಳಿಗೆ ಹಗುರವಾದ ಮರವನ್ನೂ ಆರಿಸಿ ಇಟ್ಟಿದ್ದಾರೆ. ಬಾಲದಲ್ಲಿ ಉಳಿಸಿದ ಪ್ರತಿ ಗ್ರಾಂ ಮೂತಿಯಲ್ಲಿ ಇಡಬೇಕಾದ ಸೀಸವನ್ನೂ ಕಡಿಮೆ ಮಾಡುವುದರಿಂದ ಈ ಎಚ್ಚರಿಕೆಗೆ ಬೆಲೆಯಿದೆ. ಲೇಸರ್ ಕತ್ತರಿಕೆ ಚೊಕ್ಕವಾಗಿದ್ದು, ಫಾರ್ಮರ್‌ಗಳು (ಒಡಲಿಗೆ ಆಕಾರ ಕೊಡುವ ಅಡ್ಡ ಚೌಕಟ್ಟುಗಳು) ಉಪ್ಪುಕಾಗದ ತಾಗಿಸದೆಯೇ ತಮ್ಮ ಸೀಳುಗಳಲ್ಲಿ ಬಿಗಿಯಾಗಿ ಕುಳಿತುಕೊಂಡವು.

ತೊಡಕು ಇರುವುದು ಗಾಳಿ ಹರಿಯುವ ದಾರಿಯಲ್ಲಿ, ಮತ್ತು ಡಕ್ಟೆಡ್ ಫ್ಯಾನ್ ವಿಮಾನದಲ್ಲಿ ಅದಕ್ಕಿಂತ ಮುಖ್ಯವಾದುದು ಬೇರೊಂದಿಲ್ಲ. ಲೆಕ್ಕ ಸರಳವಾಗಿದೆ: 64 ಮಿ.ಮೀ. ವ್ಯಾಸದ ವೃತ್ತದಿಂದ 28 ಮಿ.ಮೀ. ವ್ಯಾಸದ ನಡುಗುಂಬವನ್ನು ಕಳೆದರೆ ಅಲಗುಗಳು ಗುಡಿಸುವ ಕ್ಷೇತ್ರ ಸುಮಾರು 2,600 ಚದರ ಮಿ.ಮೀ. ಆಗುತ್ತದೆ. ಗಾಳಿ ಹೊರಹೋಗುವ ಹಿಂದಿನ ಬಾಯಿ ಇದರ ಶೇ. 85ರಿಂದ 100ರೊಳಗೆ ಇರಬೇಕೆಂಬುದು ಈ ಹವ್ಯಾಸದಲ್ಲಿ ಎಲ್ಲರೂ ಪಾಲಿಸುವ ಅಳತೆ. ಕಿಟ್ಟಿನ ನಕ್ಷೆಯಲ್ಲಿ ಆ ಬಾಯಿಗೆ 50 ಮಿ.ಮೀ. ವ್ಯಾಸ ಕೊಟ್ಟಿದ್ದಾರೆ, ಅಂದರೆ ಶೇ. 75ರಷ್ಟು ಮಾತ್ರ. ಬಾಲ ನೋಡಲು ತೆಳ್ಳಗಿರಲೆಂದು ಹೀಗೆ ಮಾಡಿರಬೇಕು, ಆದರೆ ಫ್ಯಾನಿನ ಕತ್ತು ಹಿಸುಕಿದಂತೆ ಆಗುತ್ತದೆ. ತೆಳು ಪಾಲಿಯೆಸ್ಟರ್ ಹಾಳೆಯಲ್ಲಿ 54 ಮಿ.ಮೀ. ಬಾಯಿಯ ಕೊಳವೆಯನ್ನು ಹೊಸದಾಗಿ ಸುತ್ತಿ, ಕೊನೆಯ ಫಾರ್ಮರನ್ನು ಅದಕ್ಕೆ ತಕ್ಕಂತೆ ಕೊರೆದ ಮೇಲೆ ಈ ಪ್ರಮಾಣ ಶೇ. 88ಕ್ಕೆ ಬಂದಿತು.

ಮೂತಿಯ ತುಟಿಯದೂ ಇಂಥದೇ ಕಥೆ. ಕಿಟ್ಟಿನಲ್ಲಿ ಬರುವ ಪ್ಲಾಸ್ಟಿಕ್ ಉಂಗುರದ ಅಂಚು ಚೂಪಾಗಿದೆ. ವಿಮಾನ ನಿಂತಿರುವಾಗ ಅಥವಾ ಕೈಯಿಂದ ಆಗಷ್ಟೇ ಹೊರಟಿರುವಾಗ ಗಾಳಿ ಪಕ್ಕಗಳಿಂದಲೂ ತಿರುಗಿ ಒಳಬರುತ್ತದೆ. ಚೂಪು ಅಂಚಿನಲ್ಲಿ ಅದು ಗೋಡೆಯನ್ನು ಬಿಟ್ಟು ಸಿಡಿಯುವುದರಿಂದ, ತಳ್ಳುಬಲ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಅದು ಕುಗ್ಗುತ್ತದೆ. ಮೂತಿಗೆ ಬಾಲ್ಸಾ ತುಂಡುಗಳನ್ನು ಅಂಟಿಸಿ, ಒಳಮುಖವಾಗಿ ದುಂಡಗೆ ಉಜ್ಜಿಕೊಂಡರೆ ಸಾಕು. ಕವಲಿನ ಒಳಗೋಡೆಗೆ ಮರದ ರಂಧ್ರ ಮುಚ್ಚುವ ಸೀಲರ್ ಬಳಿದು ನುಣುಪಾಗಿಸಬೇಕು, ತಂತಿಗಳನ್ನು ಗಾಳಿಯ ದಾರಿಯಿಂದ ಆಚೆ ಒಯ್ಯಬೇಕು. ವೇಗ ನಿಯಂತ್ರಕದ ಶಾಖ ಹೊರಹಾಕುವ ತಗಡು ಮಾತ್ರ ಆ ದಾರಿಗೆ ಇಣುಕಿದರೆ ಸಾಕು. ಸೂಚನಾ ಪತ್ರದಲ್ಲಿ ಇದ್ಯಾವುದರ ಮಾತೂ ಇಲ್ಲ, ಬಣ್ಣದ ಗೆರೆಗಳಿಗೆ ಮಾತ್ರ ಒಂದಿಡೀ ಪುಟ ಮೀಸಲಾಗಿದೆ!

ಫ್ಯಾನ್ ಮತ್ತು ಮೋಟರನ್ನು ನಾವೇ ಹೊಂದಿಸಿಕೊಳ್ಳಬೇಕು. 12 ಅಲಗುಗಳ ಫ್ಯಾನನ್ನು ಹಾಕಿದರೆ ಕಿರುಚುವ ಸದ್ದಿನ ಬದಲು ನಿಜವಾದ ಜೆಟ್ಟಿಗೆ ಹತ್ತಿರವಾದ ಮೊರೆತ ಕೇಳುತ್ತದೆ. ಕೂರಿಸುವ ಮೊದಲು ಅಲಗಿನ ತುದಿಗೂ ಕವಚಕ್ಕೂ ನಡುವೆ ಕಾಗದದ ಚೂರೊಂದನ್ನು ಸುತ್ತಲೂ ಆಡಿಸಿ, ಎಲ್ಲ ಕಡೆಯೂ ಸಂದು ಸಮವಾಗಿದೆಯೇ ಎಂದು ನೋಡುವುದು ಒಳ್ಳೆಯದು.

ನಾಲ್ಕು ಸೆಲ್‌ಗಳ 2,200 ಎಂಎಎಚ್ ಲಿಪೊ ಬ್ಯಾಟರಿಯೊಂದಿಗೆ ವಿಮಾನದ ಒಟ್ಟು ತೂಕ 820 ಗ್ರಾಂ ಆಯಿತು. ತಕ್ಕಡಿಗೆ ಕಟ್ಟಿ ಎಳೆಸಿದಾಗ 750 ಗ್ರಾಂ ತಳ್ಳುಬಲ ಸಿಕ್ಕಿತು. ಪ್ರೊಪೆಲರ್ ವಿಮಾನದಲ್ಲಿ ಬಾಲದ ಮೇಲೆ ಸದಾ ಗಾಳಿ ಬೀಸುತ್ತಿರುತ್ತದೆ, ಇಲ್ಲಿ ಆ ಅನುಕೂಲವಿಲ್ಲ. ವೇಗ ಬರುವವರೆಗೆ ಎಲಿವೇಟರ್‌ಗೆ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಹಿಡಿತ ಸಿಗುವುದಿಲ್ಲ. ಆದ್ದರಿಂದ ಕೈಯಿಂದ ಎಸೆಯುವುದಕ್ಕಿಂತ ರಬ್ಬರ್ ಹಗ್ಗದಿಂದ ಚಿಮ್ಮಿಸುವುದೇ ಲೇಸು. ವೇಗ ಹಿಡಿದ ಮೇಲೆ ಇದರ ಹಾರಾಟಕ್ಕೆ ಸಾಟಿಯಿಲ್ಲ: ಹಿಂದಕ್ಕೆ ಬಾಗಿದ ರೆಕ್ಕೆ ಗೆರೆ ಎಳೆದಂತೆ ನೇರವಾಗಿ ಓಡುತ್ತದೆ, ಬಾಲ್ಸಾ ಒಡಲಿನ ಬಿಗುವಿನಿಂದಾಗಿ ತಿರುವುಗಳಲ್ಲಿ ಫೋಮ್ ವಿಮಾನಗಳ ಅದುರಾಟ ಇಲ್ಲಿ ಕಾಣುವುದಿಲ್ಲ. ರೆಕ್ಕೆಯ ಮೇಲಿನ ಸಣ್ಣ ಬೇಲಿಗಳನ್ನು ಅಲಂಕಾರವೆಂದು ಬಿಡಬಾರದು, ಗಾಳಿ ತುದಿಯತ್ತ ಜಾರದಂತೆ ಅವು ತಡೆಯುತ್ತವೆ.

ಪೂರ್ಣ ಥ್ರಾಟಲ್‌ನಲ್ಲಿ ಸುಮಾರು 40 ಆಂಪಿಯರ್ ಸೆಳೆಯುವುದರಿಂದ ಬ್ಯಾಟರಿ ಮೂರು ನಿಮಿಷ ಕಳೆಯುತ್ತಿದ್ದಂತೆ ಬರಿದಾಗುತ್ತದೆ, ಶೇ. 20ರಷ್ಟನ್ನು ಉಳಿಸಿಕೊಳ್ಳುವವರು ಅರ್ಧ ಥ್ರಾಟಲ್‌ನಲ್ಲಿ ಹಾರಿಸುವುದನ್ನು ರೂಢಿಸಿಕೊಳ್ಳಬೇಕು. ಇಳಿಸುವಾಗಲೂ ಫ್ಯಾನನ್ನು ಪೂರ್ತಿ ನಿಲ್ಲಿಸದೆ ಸ್ವಲ್ಪ ತಿರುಗಲು ಬಿಡಬೇಕು, ಮತ್ತೆ ವೇಗ ಪಡೆಯಲು ಅದು ಸಮಯ ತೆಗೆದುಕೊಳ್ಳುತ್ತದೆ. ಕೊನೆಯದಾಗಿ ಒಂದು ತಕರಾರು: ಫ್ಯಾನನ್ನು ಹೊರತೆಗೆಯಲು ಹೊಟ್ಟೆಯಡಿ ಕೊಟ್ಟಿರುವ ಮುಚ್ಚಳ ಫ್ಯಾನಿಗಿಂತ ಕಿರಿದಾಗಿದೆ. ಹೊದಿಕೆ ಹಾಕುವ ಮೊದಲೇ ಅದನ್ನು ಎರಡು ಫಾರ್ಮರ್‌ಗಳ ನಡುವಿನ ಪೂರ್ತಿ ಅಂತರಕ್ಕೆ ಹಿಗ್ಗಿಸಿಕೊಳ್ಳದಿದ್ದರೆ, ಮುಂದೆ ಮೋಟರ್ ಬದಲಿಸಬೇಕಾದಾಗ ಒಡಲನ್ನೇ ಕೊಯ್ಯಬೇಕಾಗುತ್ತದೆ.