‘ಕೈ’ ಕೋಳಿ, ‘ಖೈ’ ಮೊಟ್ಟೆ: ಥಾಯ್ ಕಲಿಯಲು ಯಾವ ಪುಸ್ತಕ?

ಬ್ಯಾಂಕಾಕಿನ ಒಂದು ಸಂತೆಯಲ್ಲಿ ಮೊಟ್ಟೆ ಕೇಳಿದೆ, ಅಂಗಡಿಯಾಕೆ ಕೋಳಿ ಮಾಂಸವನ್ನು ತೂಕಕ್ಕೆ ಹಾಕಿದಳು. ನಾನು ಕಂಠಪಾಠ ಮಾಡಿದ್ದ ಪುಟದಲ್ಲಿ ಮೊಟ್ಟೆಗೆ ರೋಮನ್ ಲಿಪಿಯಲ್ಲಿ ಕೆ, ಎ, ಐ ಎಂದು ಬರೆದಿತ್ತು. ಕನ್ನಡದ ನಾಲಿಗೆ ಅದನ್ನು ‘ಕೈ’ ಎಂದೇ ಓದುತ್ತದೆ. ಥಾಯ್ ಭಾಷೆಯಲ್ಲಿ ‘ಕೈ’ ಎಂದರೆ ಕೋಳಿ, ‘ಖೈ’ ಎಂದರೆ ಮೊಟ್ಟೆ. ಥಾಯ್‌ನಲ್ಲಿ ದನಿ ಏರಿದರೆ, ಇಳಿದರೆ ಪದದ ಅರ್ಥವೇ ಬದಲಾಗುತ್ತದೆ, ಆದರೆ ಇವೆರಡನ್ನೂ ತಗ್ಗಿದ ದನಿಯಲ್ಲೇ ಹೇಳಬೇಕು. ವ್ಯತ್ಯಾಸವೆಲ್ಲ ಇರುವುದು ಮಹಾಪ್ರಾಣದಲ್ಲಿ.

ಪುಸ್ತಕ ತಪ್ಪಾಗಿರಲಿಲ್ಲ. ಅದನ್ನು ಬರೆದದ್ದು ಇಂಗ್ಲಿಷ್ ಮಾತನಾಡುವವರಿಗಾಗಿ. ಅವರು ಪದದ ಮೊದಲಲ್ಲಿ ಬರುವ ಕೆ ಅಕ್ಷರವನ್ನು ಉಸಿರು ಸೇರಿಸಿಯೇ ಹೇಳುತ್ತಾರೆ, ಹಾಗಾಗಿ ಅವರ ಬಾಯಲ್ಲಿ ಅದು ತಾನಾಗಿಯೇ ‘ಖೈ’ ಆಗುತ್ತದೆ. ಅಲ್ಪಪ್ರಾಣ, ಮಹಾಪ್ರಾಣಗಳನ್ನು ಒಂದನೆಯ ತರಗತಿಯಲ್ಲೇ ಕಲಿತ ನಮಗೆ ಆ ಬಳಸುದಾರಿ ಬೇಕಿಲ್ಲ. ಅಂದಿನಿಂದ ನನ್ನ ಬಳಿಯಿದ್ದ ಪುಸ್ತಕಗಳಿಗೆಲ್ಲ ಒಂದೇ ಪರೀಕ್ಷೆ ಇಟ್ಟೆ: ಕನ್ನಡ ಬಲ್ಲವರನ್ನು ಇದು ಎಷ್ಟು ಬೇಗ ಥಾಯ್ ಲಿಪಿಗೆ ತಲುಪಿಸುತ್ತದೆ?

ಹೆಚ್ಚಿನವರು ಮೊದಲು ಕೊಳ್ಳುವುದು ಬೆಂಜವನ್ ಪೂಮ್‌ಸಾನ್ ಬೆಕರ್ ಅವರ ‘ಥಾಯ್ ಫಾರ್ ಬಿಗಿನರ್ಸ್’. ಹತ್ತು ಪಾಠಗಳು, ಪ್ರತಿ ಪಾಠದಲ್ಲೂ ಮೊದಲು ಮಾತು, ಆಮೇಲೆ ಓದು ಬರಹ. ವಾಕ್ಯಗಳು ಚಿಕ್ಕವು, ಅಭ್ಯಾಸಗಳು ಹದವಾಗಿವೆ. ಎರಡು ವಾರದಲ್ಲಿ ಟ್ಯಾಕ್ಸಿಯವನಿಗೆ ದಾರಿ ಹೇಳುವಷ್ಟು ಮಾತು ನನಗೆ ಬಂತು. ಇದರ ರೋಮನ್ ಬರವಣಿಗೆಯಲ್ಲಿ ನಮ್ಮ ಕಕಾರಕ್ಕೆ ಜಿ, ಪಕಾರಕ್ಕೆ ಬಿ ಮತ್ತು ಪಿ ಜೋಡಿ, ತಕಾರಕ್ಕೆ ಡಿ ಮತ್ತು ಟಿ ಜೋಡಿ. ನಾನು ಪೆನ್ಸಿಲ್ ಹಿಡಿದು ಅಂಚಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡೆ. ಹೋಗು ಎಂಬುದು ‘ಪೈ’, ಕಣ್ಣು ‘ತಾ’. ಹೀಗೆ ಬರೆದುಕೊಂಡ ಮೇಲೆ ಅದೇ ಪುಸ್ತಕ ಎರಡು ಪಟ್ಟು ಉಪಯೋಗಕ್ಕೆ ಬಂತು.

ಇದರ ಎದುರು ನಿಲ್ಲುವುದು 1964ರಲ್ಲಿ ಬಂದ ಮೇರಿ ಹಾಸ್ ಅವರ ಥಾಯ್–ಇಂಗ್ಲಿಷ್ ನಿಘಂಟು. ಹಳೆಯದು, ಹೊಸ ಪದಗಳು ಸಿಗುವುದಿಲ್ಲ. ಆದರೆ ಉಚ್ಚಾರಣೆಯನ್ನು ತೋರಿಸುವ ರೀತಿ ನಮಗೆಂದೇ ಮಾಡಿದಂತಿದೆ: ಅಲ್ಪಪ್ರಾಣಕ್ಕೆ ಬರಿಯ ಅಕ್ಷರ, ಮಹಾಪ್ರಾಣಕ್ಕೆ ಪಕ್ಕದಲ್ಲಿ ಎಚ್. ಪದಗಳನ್ನು ಜೋಡಿಸಿರುವುದು ಥಾಯ್ ಅಕ್ಷರಮಾಲೆಯ ಕ್ರಮದಲ್ಲಿ. ಇಂಗ್ಲಿಷಿನವರು ಆ ಕ್ರಮವನ್ನು ಹೊಸದಾಗಿ ಕಲಿಯಬೇಕು. ನಮಗೆ ಕವರ್ಗ, ಚವರ್ಗ, ತವರ್ಗ ಎಂದು ಬೆರಳು ತಾನೇ ಓಡುತ್ತದೆ. ವ್ಯಾಕರಣದಲ್ಲಿ ಸಂದೇಹ ಬಂದಾಗ ಡೇವಿಡ್ ಸ್ಮಿತ್ ಅವರ ‘ಥಾಯ್: ಆ್ಯನ್ ಎಸೆನ್ಷಿಯಲ್ ಗ್ರ್ಯಾಮರ್’ ತೆರೆಯುತ್ತೇನೆ, ಮೊದಲ ಪುಟದಿಂದ ಓದಲು ಕೂರುವುದಿಲ್ಲ.

ಇಷ್ಟೆಲ್ಲದರ ನಡುವೆ ನನಗೆ ಅತಿ ಹೆಚ್ಚು ಕಲಿಸಿದ್ದು ಅಲ್ಲಿನ ಮಕ್ಕಳ ತೆಳ್ಳನೆಯ ಅಕ್ಷರ ಪುಸ್ತಕ. ಲೇಖನ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲ ಅಕ್ಷರದ ಹೆಸರೇ ‘ಕೊ ಕೈ’, ಪಕ್ಕದಲ್ಲಿ ಕೋಳಿಯ ಚಿತ್ರ. ಎರಡನೆಯದು ‘ಖೊ ಖೈ’, ಮೊಟ್ಟೆಯ ಚಿತ್ರ! ಸಂತೆಯಲ್ಲಿ ನಾನು ಎಡವಿದ ಎರಡು ಪದಗಳು ಆ ದೇಶದ ಮಕ್ಕಳು ಕಲಿಯುವ ಮೊದಲ ಎರಡು ಅಕ್ಷರಗಳು.

ಆ ಪುಟಗಳನ್ನು ತಿರುವುತ್ತಿದ್ದಾಗಲೇ ನನಗೆ ಒಂದು ಸಂಗತಿ ಹೊಳೆಯಿತು. ಥಾಯ್ ವ್ಯಂಜನಗಳು 44. ಮಧ್ಯ, ಉಚ್ಚ, ನೀಚ ಎಂದು ಅವುಗಳಿಗೆ ಮೂರು ಗುಂಪು. ಪದವನ್ನು ಯಾವ ದನಿಯಲ್ಲಿ ಹೇಳಬೇಕೆಂಬುದು ಈ ಗುಂಪನ್ನು ಅವಲಂಬಿಸಿದೆ. ನಾನು ಓದಿದ ಪಾಠಗಳಲ್ಲೆಲ್ಲ ಇದನ್ನು ಉರು ಹೊಡೆಯಿರಿ ಎಂದೇ ಇತ್ತು. ನಮ್ಮ ವರ್ಣಮಾಲೆಯ ಮೇಲೆ ಇಟ್ಟು ನೋಡಿ: ಕ ಮಧ್ಯ, ಖ ಉಚ್ಚ, ಗ ಘ ಙ ಮೂರೂ ನೀಚ. ಚ ಮಧ್ಯ, ಛ ಉಚ್ಚ, ಜ ಝ ಞ ನೀಚ. ಪವರ್ಗದವರೆಗೂ ಇದೇ ಲೆಕ್ಕ. ಯ ರ ಲ ವ ನೀಚ; ಶ ಷ ಸ ಹ ಉಚ್ಚ. ಥಾಯ್ ಜನ ತಮ್ಮ ಧ್ವನಿಗಳಿಗಾಗಿ ಸೇರಿಸಿಕೊಂಡ ಕೆಲವೇ ಅಕ್ಷರಗಳನ್ನು ಬೇರೆಯಾಗಿ ನೆನಪಿಟ್ಟರೆ ಸಾಕು. ಹಳೆಯ ಗ, ಜ, ದ, ಬ ಧ್ವನಿಗಳು ಅಲ್ಲಿ ಕಾಲಕ್ರಮೇಣ ಉಸಿರು ತುಂಬಿದ ಖ, ಛ, ಥ, ಫಗಳಾದವು. ಅವುಗಳ ಹಳೆಯ ಗುರುತು ದನಿಯ ಏರಿಳಿತದಲ್ಲಿ ಉಳಿಯಿತು. ಅದಕ್ಕೇ ನಮ್ಮ ಗುರು ಅಲ್ಲಿ ‘ಖ್ರೂ’, ನಗರ ‘ನಖೋನ್’, ದೇವ ‘ಥೇಪ್’. ವಿಮಾನ ನಿಲ್ದಾಣದ ಫಲಕದಲ್ಲಿ ಅಕ್ಷರ ಅಕ್ಷರವಾಗಿ ಸುವರ್ಣಭೂಮಿ ಎಂದೇ ಬರೆದಿದ್ದಾರೆ, ಓದುವುದು ‘ಸುವನ್ನಫೂಮ್’ ಎಂದು. ಇದು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಭಾಷೆಯ ಜೊತೆಗೆ ಥಾಯ್ ಅಡುಗೆಯನ್ನೂ ಕಲಿಯಲು ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಮಾಡಿ ನೋಡಿದೆ. ಒಂದು, ಆಸ್ಟ್ರೇಲಿಯಾದ ಡೇವಿಡ್ ಥಾಂಪ್ಸನ್ ಅವರ ‘ಥಾಯ್ ಫುಡ್’, 2002ರದು, 600 ಪುಟಗಳಿಗೂ ಮಿಕ್ಕಿದ್ದು. ಥಾಯ್‌ಲ್ಯಾಂಡಿನಲ್ಲಿ ಅಂತ್ಯಕ್ರಿಯೆಗೆ ಬಂದವರಿಗೆ ತೀರಿಕೊಂಡವರ ನೆನಪಿನ ಪುಸ್ತಕ ಹಂಚುವ ಪದ್ಧತಿಯಿದೆ, ಅವರ ಕೈಯಡುಗೆಗಳನ್ನೂ ಅದರಲ್ಲಿ ಅಚ್ಚು ಹಾಕಿಸುವುದುಂಟು. ಥಾಂಪ್ಸನ್ ಅಂಥ ಪುಸ್ತಕಗಳನ್ನು ಸಂಗ್ರಹಿಸಿ ಓದಿದವರು. ಇನ್ನೊಂದು, ಬ್ಯಾಂಕಾಕಿನಲ್ಲಿ ಬೆಳೆದ ಲೀಲಾ ಪುನ್ಯರತಬಂಧು ಅವರ ‘ಸಿಂಪಲ್ ಥಾಯ್ ಫುಡ್’, 2014ರದು, ಮನೆ ಅಡುಗೆಯದು. ಕೆಲಸ ಮುಗಿಸಿ ಬಂದ ಸಂಜೆ ನನ್ನ ಕೈ ಹೋಗುವುದು ಲೀಲಾ ಅವರ ಪುಸ್ತಕಕ್ಕೆ. ಆದರೂ ನನ್ನ ಮನಸ್ಸು ಗೆದ್ದದ್ದು ಥಾಂಪ್ಸನ್.

ಕಾರಣ ತೆಂಗಿನಕಾಯಿ. ಗಟ್ಟಿ ಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿ, ಅದರಲ್ಲೇ ಅರೆದ ಮಸಾಲೆಯನ್ನು ಹುರಿಯಬೇಕು ಎಂಬುದು ಅವರ ಪಟ್ಟು. ಡಬ್ಬಿಯ ಹಾಲಿನಲ್ಲಿ ಪ್ರಯತ್ನಿಸಿದೆ, ಎಣ್ಣೆ ಬಿಡಲೇ ಇಲ್ಲ. ಹಾಲು ಒಡೆಯದಿರಲೆಂದು ಸೇರಿಸಿದ ಪದಾರ್ಥ ಅದಕ್ಕೆ ಅಡ್ಡ ಬರುತ್ತದೆ. ಮರುದಿನ ಕಾಯಿ ತುರಿದು, ಹಿಂಡಿ, ಮೊದಲ ಹಾಲನ್ನು ಬಾಣಲೆಗೆ ಹಾಕಿದೆ. ಹತ್ತು ನಿಮಿಷದಲ್ಲಿ ಅಂಚಿನಲ್ಲಿ ಎಣ್ಣೆಯ ಮಣಿಗಳು ಮೂಡಿದವು, ಮನೆಯೆಲ್ಲ ಪರಿಮಳ. ಬೆಳ್ಳುಳ್ಳಿ, ಕಾಳುಮೆಣಸು, ಕೊತ್ತಂಬರಿ ಬೇರು ಕುಟ್ಟುವುದನ್ನು ನಾನು ಕಲಿತದ್ದೂ ಇಲ್ಲೇ. ಬೆಂಗಳೂರಿನಲ್ಲಿ ಸೊಪ್ಪಿನ ಕಟ್ಟು ಬೇರಿನೊಂದಿಗೇ ಬರುತ್ತದೆ, ನಾವು ಕತ್ತರಿಸಿ ಎಸೆಯುತ್ತೇವೆ. ಇನ್ನು ಎಸೆಯಬೇಡಿ, ತೊಳೆದು ಇಟ್ಟುಕೊಳ್ಳಿ. ಈ ಅಡುಗೆಗೆ ಬೇಕಾದ ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಕುಂಡದಲ್ಲೇ ಬೆಳೆಯುತ್ತದೆ. ಸಸ್ಯಾಹಾರಿಗಳಿಗೆ ಎರಡೂ ಪುಸ್ತಕಗಳಲ್ಲಿ ತೊಡಕಿದೆ: ಮೀನಿನ ರಸ ಮತ್ತು ಸಿಗಡಿಯ ಪೇಸ್ಟ್ ಎಲ್ಲೆಡೆ. ನಾನು ಉಪ್ಪು ಮತ್ತು ಸೋಯಾ ರಸದಲ್ಲಿ ಸರಿದೂಗಿಸುತ್ತೇನೆ. ರುಚಿ ಬೇರೆಯಾಗುತ್ತದೆ, ಆದರೆ ಚೆನ್ನಾಗಿರುತ್ತದೆ.

ಪ್ರವಾಸದ ದಪ್ಪ ಮಾರ್ಗದರ್ಶಿಗಳನ್ನು ನಾನು ಹೊರುವುದು ಬಿಟ್ಟೆ. ಬಸ್ಸಿನ ವೇಳೆ, ಕೋಣೆಯ ಬಾಡಿಗೆ ಮೊಬೈಲಿನಲ್ಲಿದೆ. ಬದಲಿಗೆ ಫಿಲಿಪ್ ಕಾರ್ನ್‌ವೆಲ್ ಸ್ಮಿತ್ ಅವರ ‘ವೆರಿ ಥಾಯ್’ ಓದಿ ಹೋಗಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ಪಾನೀಯ, ಊಟದ ಮೇಜಿನ ಗುಲಾಬಿ ಕಾಗದ, ಟ್ಯಾಕ್ಸಿಯೊಳಗಿನ ದೇವರು, ಮನೆಯಂಗಳದ ಭೂಮಿದೈವದ ಗುಡಿ, ಹೀಗೆ ಬೀದಿಯಲ್ಲಿ ಕಾಣುವುದಕ್ಕೆಲ್ಲ ಚಿಕ್ಕ ಚಿಕ್ಕ ಅಧ್ಯಾಯಗಳು. ನಮ್ಮ ಕರಾವಳಿಯ ದೈವದ ಗುಡಿಗಳನ್ನು ಕಂಡವರಿಗೆ ಆ ಗುಡಿಯ ಮುಂದಿಟ್ಟ ಕೆಂಪು ಪಾನೀಯದ ಬಾಟಲಿ ಅಪರಿಚಿತ ಎನಿಸುವುದಿಲ್ಲ.

ಊಟದ ವಿಷಯದಲ್ಲಿ ಮಾತ್ರ ಲಿಪಿಯೇ ಕಾಪಾಡುತ್ತದೆ. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ‘ಚೇ’ ಎಂದಿದ್ದರೆ ಅಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಇನ್ನೊಂದು ಫಲಕವನ್ನು ನಾನು ಒಂದು ಗಲ್ಲಿಯ ತುದಿಯಲ್ಲಿ ನಿಂತು, ಅಕ್ಷರದ ಮೇಲೆ ಅಕ್ಷರ ಕೂಡಿಸಿ ಓದಿದೆ. ‘ಮಂಗ್ಸವಿರತ್’. ಎರಡನೆಯ ಸಲ ಓದುವಾಗ ತಿಳಿಯಿತು: ಮಾಂಸವಿರತಿ. ಒಳಗೆ ಹೋಗಿ ಕುಳಿತೆ.