ಬಾಡಿ ಕಿಟ್ ಹಾಕಿಸುವ ಮುಂಚೆ ನನ್ನ ಕಾರಿನ ಪಾಡು ಕೇಳಿ

ನನ್ನ ಹತ್ತಿರ ಒಂದು ಹಳೇ ಟಿಟಿ ಇದೆ. ಧರ್ಮಸ್ಥಳಕ್ಕೆ ಬುಕ್ ಮಾಡುವ ಟೆಂಪೋ ಟ್ರಾವೆಲರ್ ಅಲ್ಲ, ಆಡಿ ಟಿಟಿ ಅನ್ನೋ ಸ್ಪೋರ್ಟ್ಸ್ ಕಾರು. ಎರಡನೇ ತಲೆಮಾರಿನದು, ಸೆಕೆಂಡ್ ಹ್ಯಾಂಡ್. ಚೆನ್ನಾಗೇ ಓಡುತ್ತಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ.

ಫೋಟೊ ನೋಡಿ ಬಾಡಿ ಕಿಟ್, ಅಂದರೆ ಕಾರಿನ ಹೊರನೋಟ ಬದಲಿಸುವ ಭಾಗಗಳನ್ನು ತರಿಸಿದೆ. ಮುಂದಿನ ಬಂಪರ್, ಬಾಗಿಲುಗಳ ಕೆಳಗೆ ಹಾಕುವ ಎರಡು ಪಟ್ಟಿ (ಸೈಡ್ ಸ್ಕರ್ಟ್), ಡಿಕ್ಕಿ ಮೇಲೊಂದು ರೆಕ್ಕೆ, ಅಂದರೆ ಸ್ಪಾಯ್ಲರ್. ಎಲ್ಲಾ ಫೈಬರ್, ಯಾವುದೋ ಅಸಲಿ ಕಿಟ್‌ನಿಂದ ಅಚ್ಚು ತೆಗೆದ ನಕಲು. 55 ಸಾವಿರ ರೂಪಾಯಿ. "ಒಂದೇ ದಿನದ ಕೆಲಸ ಸರ್, ಬೋಲ್ಟ್ ಹಾಕಿದರೆ ಮುಗೀತು" ಅಂದ ಅಂಗಡಿಯವನು. ಕಾರು ಕೈಗೆ ಬಂದಿದ್ದು 37ನೇ ದಿನ.

ಇಂಥ ಫೈಬರ್ ಭಾಗಗಳನ್ನು ಅಚ್ಚಿನೊಳಗೆ ಕೈಯಲ್ಲೇ ಪದರ ಪದರವಾಗಿ ಮೆತ್ತುತ್ತಾರೆ. ಗಟ್ಟಿಯಾಗುವಾಗ ಅದರಲ್ಲಿರುವ ರೆಸಿನ್ ಎಂಬ ಅಂಟು ಕುಗ್ಗುತ್ತದೆ. ಆತುರಕ್ಕೆ ಬೇಗ ಹೊರಗೆ ತೆಗೆದರೆ ಸೊಟ್ಟಗಾಗುತ್ತದೆ. ನನ್ನ ಬಂಪರ್ ಕೂರಿಸಿದಾಗ ಎಡಗಡೆ ಹೆಡ್‌ಲೈಟ್ ಕೆಳಗೆ ಕಿರುಬೆರಳು ತೂರುವಷ್ಟು ಸಂದು. ಬಲಗಡೆ ಉಗುರೂ ಹೋಗದು. ಎಳೆದು ಬಿಗಿದರು. ಮಾರನೇ ದಿನ ಬೋಲ್ಟ್ ಸುತ್ತ ಜೇಡರ ಬಲೆ ಥರ ಬಿರುಕು.

ಇದರಲ್ಲಿ ನನ್ನ ತಪ್ಪೂ ಇದೆ. ಕಾರಿಗೆ ಹಿಡಿದು ನೋಡದೆ ಮೊದಲೇ ಬಣ್ಣ ಹೊಡೆಸಿಬಿಟ್ಟಿದ್ದೆ. ಬಣ್ಣ ಬಿದ್ದ ಮಾಲನ್ನು ಯಾರು ವಾಪಸ್ ತಗೋತಾರೆ? ಉಜ್ಜಿ, ಪುಟ್ಟಿ ಮೆತ್ತಿ, ಮತ್ತೆ ಉಜ್ಜಿ, ಇನ್ನೊಂದು ಸಲ ಬಣ್ಣ. ಟಿಂಕರಿಂಗ್, ಪೇಂಟಿಂಗ್ ಸೇರಿ 68 ಸಾವಿರ. ಕಿಟ್‌ಗಿಂತ ಜಾಸ್ತಿ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಸ್ಪಾಯ್ಲರ್ ವಿಷಯಕ್ಕೆ. ಈ ಕಾರಿನ ಡಿಕ್ಕಿಯಲ್ಲಿ ಗಂಟೆಗೆ 120 ಕಿ.ಮೀ. ವೇಗಕ್ಕೆ ತಾನೇ ಏಳುವ ರೆಕ್ಕೆ ಇದೆ. ಅದಕ್ಕೊಂದು ಕಥೆಯಿದೆ. 1998ರಲ್ಲಿ ಬಂದ ಮೊದಲ ಟಿಟಿಗೆ ಹಿಂದೆ ರೆಕ್ಕೆಯೇ ಇರಲಿಲ್ಲ. ಜರ್ಮನಿಯ ಹೈವೇಗಳಲ್ಲಿ ಜೋರಾಗಿ ಹೋಗುವಾಗ ಹಿಂಭಾಗ ಹಿಡಿತ ತಪ್ಪಿ ಅಪಘಾತಗಳಾದವು, ಜನ ಸತ್ತರು. ಆಮೇಲೆ ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಸ್ಪಾಯ್ಲರ್ ಕೂರಿಸಿತು, ಸಸ್ಪೆನ್ಷನ್ ತಿದ್ದಿತು. ಅಂಥ ರೆಕ್ಕೆಯ ಮೇಲೆ ನಮ್ಮ ಅಂಗಡಿಯವನು ಫೈಬರ್ ತುಂಡು ಅಂಟಿಸಿ ಮುಚ್ಚಿದ್ದ! ಬಟನ್ ಒತ್ತಿದರೆ ಮೋಟಾರ್ ಮುಲುಗುತ್ತದೆ, ಡ್ಯಾಶ್‌ಬೋರ್ಡಲ್ಲಿ ದೀಪ ಹತ್ತುತ್ತದೆ, ರೆಕ್ಕೆ ಮಾತ್ರ ಏಳಲ್ಲ.

ಇನ್ನು ಬೆಂಗಳೂರಿನ ಹಂಪ್‌ಗಳು. ರಸ್ತೆಗಳಿಗೆ ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯ ನಂದಿನಿ ಬೂತ್ ಮುಂದಿರುವುದು ಮಲಗಿದ ಎಮ್ಮೆ. ಹೊಸ ಬಂಪರ್ ಹಳೆಯದಕ್ಕಿಂತ ಮೂರು ಬೆರಳು ಕೆಳಗಿತ್ತು. ಮೊದಲ ವಾರವೇ ಚಟ್ ಅಂತು, ಎಡಮೂಲೆ ಮುರಿದು ಕೈಗೆ ಬಂತು. ಪಾಲಿಯುರೆಥೇನ್ ಎಂಬ ಮೆತು ಪ್ಲಾಸ್ಟಿಕ್‌ನ ಬಂಪರ್ ಆಗಿದ್ದರೆ ಬಾಗಿ ಉಳಿಯುತ್ತಿತ್ತೇನೋ. ಅದಕ್ಕೆ ದುಡ್ಡು ಜಾಸ್ತಿ ಅಂತ ಬಿಟ್ಟಿದ್ದೆ.

ಇನ್ಶೂರೆನ್ಸ್‌ನವರು ಬಂದು ನೋಡಿ, "ಈ ಬಂಪರ್ ಪಾಲಿಸಿಯಲ್ಲೇ ಇಲ್ವಲ್ಲ" ಅಂದರು. ಅಲ್ಲಿಗೆ ಕ್ಲೇಮ್ ಮುಗೀತು. ಕಾನೂನೂ ನಮ್ಮ ಕಡೆ ಇಲ್ಲ. ಕಂಪನಿ ಕೊಟ್ಟ ಮೂಲ ರೂಪ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ 182ಎ ಸೆಕ್ಷನ್ ಸೇರಿತು: ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಲ್ಲ.

ಇಷ್ಟಾದ ಮೇಲೂ ಆಸೆ ಬಿಡದಿದ್ದರೆ, ಬಣ್ಣಕ್ಕೆ ಮುಂಚೆ ನೀವೇ ಎದುರಿಗೆ ನಿಂತು ಕೂರಿಸಿ ನೋಡಿ. ಪಾಲಿಸಿ ಕೊಟ್ಟವರಿಗೆ ಮೊದಲೇ ಬರೆದು ತಿಳಿಸಿ. ಕಾರಿನ ಮೂಲ ಬಂಪರನ್ನು ಮಂಚದ ಕೆಳಗಾದರೂ ಇಟ್ಟುಕೊಳ್ಳಿ. ನಾನು ಮನೆಯಲ್ಲಿ ಜಾಗ ಇಲ್ಲ ಅಂತ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಹೋದ ವಾರ ಕೇಳಿದೆ.

"ಅದಾ ಸರ್? ಆವತ್ತೇ ಗುಜರಿಗೆ ಹೋಯ್ತಲ್ಲ."